ಏಳನೆಯ ನಂಬರು

ನಿಂಗಯ್ಯನಿಗೆ ಓದು ಬರುತ್ತಿರಲಿಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಎರಡನೆಯ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು, ಅಂಕಿಗಳು ಬರುತ್ತಿದ್ದವು. ಅಂಕಿ ಬಂದದ್ದರಿಂದಲೇ ಅವನ ಹೊಟ್ಟೆ ತುಂಬಿತ್ತು. ಮೈಸೂರಿನ ರೈಲ್ವೆ ಯಾರ್ಡಿನಲ್ಲಿ ಮೂವತ್ತೊಂದು ವರ್ಷ ಅವನಿಗಿದ್ದದ್ದು ಒಂದೇ ಕೆಲಸ. ಗೂಡ್ಸ್ ಗಾಡಿ ಬಂದು ನಿಂತರೆ ಎಂಜಿನ್ನಿನಿಂದ ಹಿಡಿದು ಗಾರ್ಡಿನ ಡಬ್ಬಿಯವರೆಗೆ ನಡೆಯುವುದು, ಒಂದೊಂದು ವ್ಯಾಗನ್ನಿನ ಮೈಮೇಲಿನ ನಂಬರು ನೋಡುವುದು, ವಾಪಸು ಬಂದು ಬಾಬುಗಳಿಗೆ ಹೇಳುವುದು. ಬೇರೆಯವರು ಚೀಟಿಯಲ್ಲಿ ಗೀಚಿಕೊಂಡು ಬರುತ್ತಿದ್ದರು. ನಿಂಗಯ್ಯ ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬಂದು, ನಲವತ್ತು ವ್ಯಾಗನ್ನುಗಳ ನಂಬರನ್ನು ಅವು ನಿಂತ ಸಾಲಿನಲ್ಲೇ ಒಪ್ಪಿಸುತ್ತಿದ್ದ. ತಪ್ಪಿತೆಂದು ಯಾವ ಬಾಬುವೂ ಅವನನ್ನು ಮರಳಿ ಓಡಿಸಿದ್ದಿಲ್ಲ. ಒಳಗೆ ಗೋಧಿ ಇದೆಯೋ ಗೊಬ್ಬರ ಇದೆಯೋ ಅವನು ಕೇಳಿದವನಲ್ಲ. ನಂಬರೇನು, ಎಷ್ಟನೆಯದು, ಅಷ್ಟು ಗೊತ್ತಾದರೆ ಅವನಿಗೆ ಸಾಕು.

ರಿಟೈರಾದ ಮೇಲೆ ಅವನು ತಂಗಿಯ ಮಗ ಕುಮಾರನ ಜೊತೆ ಇದ್ದ. ಕುಮಾರ್ ವಿದ್ಯಾರಣ್ಯಪುರಂನಲ್ಲಿ ಒಂದು ಬ್ರೌಸಿಂಗ್ ಸೆಂಟರ್ ಇಟ್ಟಿದ್ದ. ಪ್ಲೈವುಡ್ಡಿನ ಆರು ಗೂಡು, ಆರು ಕಂಪ್ಯೂಟರು. ಬಾಗಿಲ ಹತ್ತಿರದ ಸ್ಟೂಲು ನಿಂಗಯ್ಯನದು. ಪಕ್ಕದ ಅಂಗಡಿ ಪ್ರೇಮಮ್ಮನ ಹಿಟ್ಟಿನ ಗಿರಣಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಿರಣಿಯ ಸದ್ದು ಗೋಡೆಯನ್ನು ನಡುಗಿಸುತ್ತಿತ್ತು. ಸಂದಿಗಳಲ್ಲಿ ನುಸುಳಿ ಬರುವ ರಾಗಿ ಹಿಟ್ಟು ಕಂಪ್ಯೂಟರುಗಳ ಮೇಲೆ ತೆಳ್ಳಗೆ ಕೂರುತ್ತಿತ್ತು. ಕುಮಾರ್ ದಿನಕ್ಕೆರಡು ಸಲ ಬಟ್ಟೆಯಲ್ಲಿ ಒರೆಸುತ್ತಿದ್ದ.

ವರ್ಷಕ್ಕೊಮ್ಮೆ, ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ, ಆ ಸೆಂಟರಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೊದಲ ವರ್ಷ ಮಕ್ಕಳು ಒಳಗೆ ನುಗ್ಗಿ ಎರಡು ಕುರ್ಚಿ ಮುರಿದರು. ಆಮೇಲಿಂದ ಕುಮಾರ್ ಷಟರನ್ನು ಅರ್ಧಕ್ಕೆ ಇಳಿಸಿ ಮಾವನನ್ನು ಹೊರಗೆ ನಿಲ್ಲಿಸತೊಡಗಿದ. ನಿಂಗಯ್ಯ ಕ್ಯೂನಲ್ಲಿದ್ದ ಹತ್ತು ಮಕ್ಕಳ ಹತ್ತಿರ ಸಾಲಾಗಿ ಹೋಗಿ ನಂಬರು ಕೇಳುತ್ತಿದ್ದ. ಕೇಳುವಾಗ ನೆಲ ನೋಡಿಕೊಂಡು ಕಿವಿಯೊಂದನ್ನು ಮಾತ್ರ ಕೊಡುತ್ತಿದ್ದ. ಮುಖ ನೋಡಿದರೆ ನಂಬರು ಕಲೆಸಿಹೋಗುತ್ತದೆ ಎನ್ನುವುದು ಅವನ ಲೆಕ್ಕ. ಒಳಗೆ ಹೋಗಿ ಹತ್ತನ್ನೂ ಒಪ್ಪಿಸಿದರೆ ಕುಮಾರ್ ಒಂದೊಂದನ್ನೇ ಒತ್ತಿ, ಬಂದ ಪೇಜನ್ನು ಮುಂದೆ ಪ್ರಿಂಟ್ ಕೇಳಿದರೆ ಇರಲೆಂದು ಮಿಷನ್ನಿನಲ್ಲಿ ಉಳಿಸಿ, "ಪಾಸು, ಸೆಕೆಂಡ್ ಕ್ಲಾಸು, ಫೇಲು" ಎಂದು ಹೇಳುತ್ತಾ ಹೋಗುತ್ತಿದ್ದ. ಇಂಗ್ಲಿಷಿನಲ್ಲಿದ್ದ ಹೆಸರು ಓದಲು ಅವನಿಗೆ ಪುರುಸೊತ್ತಿರುತ್ತಿರಲಿಲ್ಲ. ನಿಂಗಯ್ಯ ಹೊರಗೆ ಬಂದು ಮೊದಲನೆಯವರಿಂದ ಹತ್ತನೆಯವರವರೆಗೆ ಸಾಲಾಗಿ ರಿಸಲ್ಟು ಹೇಳಿಬಿಡುತ್ತಿದ್ದ. "ನಿಮ್ಮ ನಂಬರು ಇನ್ನೊಂದ್ಸಲ ಹೇಳಿ" ಎಂದು ಕೇಳುವುದು ಅವನಿಗೆ ಅವಮಾನ. ಮಕ್ಕಳಿಗೆ ಅದೊಂದು ಆಟವೇ ಆಗಿತ್ತು. "ನಿಂಗತಾತ ಚೀಟಿ ಇಲ್ದೇ ಹೇಳ್ತಾರೆ ಕಣೇ" ಎಂದು ಬೇರೆ ಬಡಾವಣೆಯವರೂ ಬರುತ್ತಿದ್ದರು.

ಎರಡು ಸಾವಿರದ ಐದನೆಯ ಇಸವಿಯ ರಿಸಲ್ಟಿನ ದಿನ ಮೂರನೆಯ ಹತ್ತರ ಸಾಲು. ಒಂದರಿಂದ ಏಳರವರೆಗೆ ಎಲ್ಲ ಪಾಸು. ಎಂಟನೆಯದು ಫೇಲು. ಹೇಳಲೆಂದು ತಲೆ ಎತ್ತಿದರೆ ಎಂಟನೆಯ ಜಾಗದಲ್ಲಿ ನಿಂತಿದ್ದವಳು ಪ್ರೇಮಮ್ಮನ ಮಗಳು ಬಿಂದುಶ್ರೀ. ಗಿರಣಿಯ ಹುಡುಗಿ. ಅವನ ಕಣ್ಣೆದುರೇ ಬೆಳೆದವಳು.

"ಹೋಗಿದೆ ಕಣವ್ವ," ಅಂದ ನಿಂಗಯ್ಯ.

"ಫೇಲಾ?"

"ಹೂಂ."

ಹುಡುಗಿ ಒಂದು ಗಳಿಗೆ ಅವನ ಬಾಯನ್ನೇ ನೋಡಿದಳು. "ಸರಿ ತಾತ" ಅಂದಳು. ಹೊರಟಳು. ಅವತ್ತು ಸಂಜೆ ಮನೆಗೆ ಬರಲಿಲ್ಲ. ಮೂರನೆಯ ದಿನ ಕೆರೆಯ ಅಂಚಿನಲ್ಲಿ ಸಿಕ್ಕಳು.

ನಿಂಗಯ್ಯ ಎರಡು ತಿಂಗಳು ಸ್ಟೂಲಿನ ಮೇಲೆ ಕೂರಲಿಲ್ಲ. ಮತ್ತೆ ಬಂದು ಕೂರುವಂತೆ ಮಾಡಿದ್ದು ಒಂದೇ ಮಾತು. ಮಿಷನ್ನಿನಲ್ಲಿ ಇದ್ದದ್ದನ್ನು ನಾನು ಹೇಳಿದೆ, ಇಲ್ಲದ್ದನ್ನು ಹೇಳಲಿಲ್ಲ. ಅದನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಒಳಗೊಳಗೇ ಹೇಳಿಕೊಳ್ಳುತ್ತಿದ್ದ. ಆ ಮಾತು ನಿಂತಿದ್ದರೆ ತಾನು ನಿಂತೆ, ಅದು ಬಿದ್ದರೆ ತಾನು ಬಿದ್ದೆ ಎನ್ನುವುದು ಅವನಿಗೆ ಗೊತ್ತಿತ್ತು.

ಪ್ರೇಮಮ್ಮ ಅವನ ಮೇಲೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಗಂಡ ಇಲ್ಲದವಳು, ಇದ್ದೊಬ್ಬ ಮಗಳೂ ಇಲ್ಲದವಳು. ತಲೆಗೂದಲಿನಿಂದ ಪಾದದವರೆಗೆ ಹಿಟ್ಟು ಮೆತ್ತಿಕೊಂಡು ಗಿರಣಿಯ ಬಾಗಿಲಿಗೆ ಬಂದು, ದಿನಾ ಹನ್ನೊಂದು ಗಂಟೆಗೆ "ನಿಂಗಣ್ಣ, ಟೀ" ಎಂದು ಅರ್ಧ ಲೋಟ ಕೊಡುತ್ತಿದ್ದಳು. ಅವಳ ಒಳ್ಳೆಯತನ ಎಂದುಕೊಂಡು ಅವನು ಕುಡಿಯುತ್ತಿದ್ದ.

ಹೀಗೆ ಎರಡು ವರ್ಷ ಕಳೆಯಿತು. ಎರಡು ಸಾವಿರದ ಏಳರ ಏಪ್ರಿಲ್ಲಿನಲ್ಲಿ ಕುಮಾರ್ ಆರೂ ಕಂಪ್ಯೂಟರಿಗೆ ಹೊಸ ಬ್ರೌಸರ್ ಹಾಕಿದ. ಮದುವೆ ಮನೆಯವನ ಹಾಗೆ ಓಡಾಡಿದ.

"ಇಲ್ಲಿ ನೋಡು ಮಾವ. ಮೊದ್ಲು ಒಂದೊಂದು ಪೇಜಿಗೂ ಒಂದೊಂದು ಕಿಟಕಿ ತೆಗೀಬೇಕಿತ್ತು. ಈಗ ಒಂದೇ ಕಿಟಕೀಲಿ ಇಪ್ಪತ್ತು. ಮೇಲ್ಗಡೆ ಹೆಂಗೆ ಸಾಲಾಗಿ ನಿಂತವೆ ನೋಡು."

"ಗೂಡ್ಸ್ ಗಾಡಿ ಇದ್ದಂಗೆ."

"ಅಂಗೇ ಅನ್ಕೋ. ಇನ್ನೂ ಐತೆ. ಕರೆಂಟು ಹೋಯ್ತು ಅನ್ಕೋ, ಮೊದ್ಲಾದ್ರೆ ಎಲ್ಲಾ ಹೋಯ್ತು. ಈಗ ಕರೆಂಟು ಬಂದ ತಕ್ಷಣ ಇದು ತಾನಾಗೇ ನಾವು ಎಲ್ಲಿ ನಿಲ್ಸಿದ್ವೋ ಅಲ್ಲಿಂದ್ಲೇ ತೆಗೆದು ತೋರುಸ್ತದೆ. ಒಂದಕ್ಷರ ಒತ್ತಿದ್ರೆ ಸಾಕು, ಮಿಕ್ಕಿದ್ದು ಅದೇ ಹೇಳ್ತದೆ. ಯಾರು ಏನು ಒತ್ತಿದ್ರೂ ಮರೆಯಲ್ಲ ಇದು."

"ನಿನ್ನೆ ಮೊನ್ನೆ ಹುಟ್ಟಿದ್ದಕ್ಕೆ ಏನಪ್ಪ ನೆನಪು?"

"ಹಾಕೋವಾಗ್ಲೇ ಕೇಳ್ತು ಮಾವ, ಹಳೇದರ ನೆನಪನ್ನೆಲ್ಲ ತಗೊಂಡು ಬರ್ಲಾ ಅಂತ. ಹೂಂ ಅಂದೆ."

ಮೊದಲ ವಾರವೆಲ್ಲ ಅದರ ನೆನಪಿನದೇ ತಮಾಷೆ. ಮಗಳಿಗೆ ಗಂಡು ಹುಡುಕಲು ಬರುತ್ತಿದ್ದ ಸುಂದರೇಶ ಮೇಷ್ಟ್ರು ಗೂಡಿನೊಳಗಿಂದಲೇ ಕೂಗಿದರು. "ಏನಯ್ಯಾ ಕುಮಾರ, ನಾನೊಂದು ಅಕ್ಷರ ಒತ್ತಿದ್ರೆ ಇದ್ಯಾವ್ದೋ ಸಿನಿಮಾದವಳ ಹೆಸರು ಮುಂದಕ್ಕೆ ಹಿಡಿಯುತ್ತಲ್ಲ!"

"ನಿಮಗಿಂತ ಮುಂಚೆ ಕೂತಿದ್ದೋರು ಒತ್ತಿರ್ತಾರೆ ಸಾರ್, ಬುಡಿ."

"ನೀನು ಬುಡು ಅಂತೀಯ. ನಂತರ ಬಂದು ಕೂರೋನು ಇದು ಮೇಷ್ಟ್ರು ಒತ್ತಿದ್ದು ಅಂತಾನಲ್ಲಪ್ಪ!"

ಎಲ್ಲರೂ ನಕ್ಕರು. ನಿಂಗಯ್ಯನೂ ನಕ್ಕ.

ಆ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಒಂದೂವರೆಗೆ ಕರೆಂಟು ತೆಗೆದು ಮೂರಕ್ಕೆ ಕೊಡುತ್ತಿದ್ದರು. ಕರೆಂಟು ಹೋದ ಕೂಡಲೇ ಗಿರಣಿ ನಿಲ್ಲುತ್ತಿತ್ತು, ಫ್ಯಾನುಗಳು ನಿಲ್ಲುತ್ತಿದ್ದವು. ಬೆಳಿಗ್ಗೆಯಿಂದ ಆ ಸದ್ದಿಗೆ ಒಗ್ಗಿದ್ದ ಕಿವಿಗೆ, ಬೀದಿಯನ್ನೇ ಯಾರೋ ಹೊದಿಕೆ ಹಾಕಿ ಮುಚ್ಚಿದಂತೆ ಅನಿಸುತ್ತಿತ್ತು. ಗಿರಾಕಿಗಳು ಎದ್ದು ಹೋಗುತ್ತಿದ್ದರು. ಕುಮಾರ್ ಊಟಕ್ಕೆ ಮನೆಗೆ ಹೋಗಿ, ಬರುವಾಗ ಮಾವನಿಗೂ ಡಬ್ಬಿಯಲ್ಲಿ ತರುತ್ತಿದ್ದ. ಉಳಿಯುತ್ತಿದ್ದವನು ನಿಂಗಯ್ಯನೊಬ್ಬ.

ಒಂದು ದಿನ ಮೂರು ಗಂಟೆಗೆ ಕರೆಂಟು ಬಂದಾಗ ಕುಮಾರ್ ಆಗಷ್ಟೇ ಊಟ ಮುಗಿಸಿ ಬಂದಿದ್ದ. ಕಂಪ್ಯೂಟರುಗಳು ಒಂದರ ಹಿಂದೊಂದು ಎದ್ದವು. ಮೂರನೆಯ ಗೂಡಿನದು ತನ್ನಷ್ಟಕ್ಕೇ ಬ್ರೌಸರ್ ತೆಗೆದು, ಮೊದಲು ತೆರೆದಿದ್ದ ಪೇಜುಗಳನ್ನೆಲ್ಲ ಸಾಲಾಗಿ ನಿಲ್ಲಿಸಿತು. ಕೊನೆಯದಾಗಿ ಇನ್ನೊಂದು ಪೇಜು ಬಂದು ಸೇರಿಕೊಂಡಿತು. ನೀಲಿ ಪಟ್ಟಿ, ಅದರ ಕೆಳಗೆ ಚೌಕ ಚೌಕವಾದ ಕೋಷ್ಟಕ, ಮೇಲೊಂದು ಪುಟ್ಟ ಬಿಳಿ ಪೆಟ್ಟಿಗೆ. ಪೆಟ್ಟಿಗೆಯೊಳಗೆ ನಂಬರು.

ಬೆನ್ನ ಹಿಂದೆ ನಿಂತಿದ್ದ ನಿಂಗಯ್ಯನಿಗೆ ಅದು ಕಾಣಿಸಿತು. 283614.

ಕುಮಾರ್ ಮೌಸನ್ನು ಒತ್ತಿ ಆ ಪೇಜನ್ನು ಮುಚ್ಚಿದ ರೀತಿ ಹೇಗಿತ್ತೆಂದರೆ, ಬಿಸಿ ಪಾತ್ರೆ ಮುಟ್ಟಿದವನು ಕೈ ಎಳೆದುಕೊಂಡ ಹಾಗೆ.

"ಯಾರ್ದೋ ಅದು?"

"ಯಾರ್ದೋ ಹಳೇ ಪೇಜು ಮಾವ. ಇವತ್ತೇ ಅಳಿಸಿಬುಡ್ತೀನಿ."

ನಿಂಗಯ್ಯ ಸ್ಟೂಲಿಗೆ ವಾಪಸು ಬಂದು ಕುಳಿತ. ಇಪ್ಪತ್ತೆಂಟು, ಮೂವತ್ತಾರು, ಹದಿನಾಲ್ಕು. ಅವನು ಹುಡುಕಬೇಕಾಗಿಯೇ ಇರಲಿಲ್ಲ. ಆ ವರ್ಷದ್ದು, ಮೂರನೆಯ ಸಾಲು, ಏಳನೆಯ ನಂಬರು. ಏಳನೆಯ ಜಾಗದಲ್ಲಿ ನಿಂತಿದ್ದವಳು ಯಾರೋ ಹೊರಗಿನ ಹುಡುಗಿ, ಹೆಗಲಿಗೆ ಬ್ಯಾಗು ಇತ್ತು. ಪಾಸು ಎಂದಾಗ ತಿರುಗಿ ನೋಡದೆ ಬಸ್ ಸ್ಟಾಪಿನ ಕಡೆ ಓಡಿದ್ದಳು. ಪಾಸಾಗಿ ಹೋದವಳ ನಂಬರು ಎರಡು ವರ್ಷದ ಮೇಲೆ ಯಾಕೆ ಬರಬೇಕು?

ಮಾರನೆಯ ದಿನ ಮೂರು ಗಂಟೆಗೆ ಮತ್ತೆ ಬಂತು.

ಕುಮಾರ್ ಅಳಿಸಿದ್ದ. ಬ್ರೌಸರಿನ ನೆನಪನ್ನೆಲ್ಲ ಒಂದೇ ಗುಂಡಿಯಲ್ಲಿ ತೊಳೆಯುವ ಅನುಕೂಲವೂ ಅದರಲ್ಲಿತ್ತು. ಮೂರು ಸಲ ತೊಳೆದ. ಸುಂದರೇಶ ಮೇಷ್ಟ್ರ ಗಂಡುಗಳೆಲ್ಲ ಹೋದರು, ಸಿನಿಮಾದವಳೂ ಹೋದಳು, ಆ ನಂಬರು ಮಾತ್ರ ಬಂತು. ಮೂರನೆಯ ಮಿಷನ್ನಿನ ವೈರು ಕಿತ್ತು ಮೂಲೆಗಿಟ್ಟ. ಅವತ್ತು ಐದನೆಯದರಲ್ಲಿ ಬಂತು. ಹಳೆಯ ಬ್ರೌಸರನ್ನೇ ಮತ್ತೆ ಹಾಕೋಣವೆಂದರೆ, ಹೊಸದರ ರುಚಿ ಕಂಡ ಗಿರಾಕಿಗಳು ಒಂದೇ ದಿನಕ್ಕೆ ಗಲಾಟೆ ಎಬ್ಬಿಸಿದರು. ಅವರ ಬಾಯಿಗೆ ಹೆದರಿ ಮೂರನೆಯ ಗೂಡಿನ ಮಿಷನ್ನನ್ನು ಮೊದಲಿನಂತೆ ಜೋಡಿಸಿ ಹೊಸದನ್ನೇ ಉಳಿಸಿದ. ಆ ದಿನದಿಂದ ನಂಬರು ಮತ್ತೆ ಮೂರನೆಯದರಲ್ಲೇ ಬರತೊಡಗಿತು.

ಐದನೆಯ ದಿನ ಕುಮಾರ್ ಮಾವನ ಮೇಲೆ ತಿರುಗಿಬಿದ್ದ.

"ನಿಜ ಹೇಳು. ನಾನು ಊಟಕ್ಕೋದಾಗ ನೀನೇನಾದ್ರೂ ಕೈಯಾಡುಸ್ತಾ ಇದೀಯಾ?"

"ಕರೆಂಟು ಇಲ್ದಾಗ ಏನ್ ಕೈಯಾಡುಸ್ಲಿ? ನಂಗೆ ಅದನ್ನ ಎಬ್ಬಿಸೋದೂ ಗೊತ್ತಿಲ್ಲ."

"ಮತ್ತಿನ್ಯಾರು?"

"ಯಾವಳೋ ಪಾಸಾದ ಹುಡುಗಿ ನಂಬರು. ಬಂದ್ರೆ ಬರ್ಲಿ, ನಿಂಗ್ಯಾಕೋ ಇಷ್ಟು ಉರಿ?"

ಕುಮಾರ್ ಮೂರನೆಯ ಗೂಡಿನ ಕಡೆ ಒಮ್ಮೆ ತಿರುಗಿ ನೋಡಿದ. ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದ.

ಮರುದಿನ ಒಂದೂವರೆಗೆ ಗಿರಣಿ ನಿಂತಿತು. ನಿಂಗಯ್ಯ ಸ್ಟೂಲಿನ ಮೇಲೆ ಎಚ್ಚರವಾಗಿ ಕುಳಿತಿದ್ದ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಿಸಿಲು ಬಾಗಿಲ ಹೊಸ್ತಿಲವರೆಗೆ ಬಂದು ಅಲ್ಲಿಗೇ ನಿಂತಿತ್ತು. ಒಳಗಿನ ಗೂಡುಗಳಲ್ಲಿ ಅರೆಗತ್ತಲೆ.

ಎರಡೂವರೆಯ ಹೊತ್ತಿಗೆ ಮೂರನೆಯ ಗೂಡಿನಿಂದ ಟಕ್ ಎಂದು ಒಂದು ಸದ್ದು ಬಂತು.

ಹಲ್ಲಿ ಎಂದುಕೊಂಡ. ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್. ಹಲ್ಲಿಯಲ್ಲ. ಆ ಸದ್ದನ್ನು ದಿನಾ ಸಾವಿರ ಸಲ ಕೇಳುತ್ತಾನೆ. ಬೆರಳು ಹುಡುಕಿ ಹುಡುಕಿ ಕೀಲಿ ಒತ್ತುವ ಸದ್ದು. ಹೊಸದಾಗಿ ಕಲಿಯುವವರು ಹೀಗೇ ಒತ್ತುವುದು. ಮೂರು. ನಾಲ್ಕು. ನಿಂಗಯ್ಯನಿಗೆ ಎಣಿಸದೆ ಇರಲು ಆಗಲಿಲ್ಲ. ಐದು. ಅದಾದ ಮೇಲೆ ಬಹಳ ಹೊತ್ತು ಏನೂ ಇಲ್ಲ, ಒತ್ತುವವರಿಗೆ ಅನುಮಾನ ಬಂದ ಹಾಗೆ. ಆರು. ಆಮೇಲೆ, ಎಲ್ಲರೂ ಕೊನೆಗೆ ಒತ್ತುವ ಆ ದೊಡ್ಡ ಕೀಲಿಯ ಸದ್ದು.

ಅವನು ಎದ್ದು ಹೋದ. ಮೂರನೆಯ ಗೂಡಿನಲ್ಲಿ ಕುರ್ಚಿ ಖಾಲಿ. ಪರದೆ ಕಪ್ಪಗಿತ್ತು. ಅದರಲ್ಲಿ ಅವನ ಮುಖವೂ ಬೆನ್ನ ಹಿಂದಿನ ಬಾಗಿಲ ಬಿಸಿಲೂ ಚಿಕ್ಕದಾಗಿ ಕಾಣುತ್ತಿದ್ದವು. ಅವತ್ತು ಯಾರೂ ಮುಟ್ಟದಿದ್ದ ಕೀಲಿಮಣೆಯ ಮೇಲೆ ಬೆಳಗ್ಗಿನಿಂದ ಕೂತ ರಾಗಿ ಹಿಟ್ಟು. ಅಕ್ಷರಗಳ ಮೇಲೆಲ್ಲ ಒಂದೇ ಸಮನೆ ಕೂತಿತ್ತು. ಆ ದೊಡ್ಡ ಕೀಲಿಯ ಮೇಲೂ ಅಂಕಿಗಳ ಸಾಲಿನ ಆರು ಕಡೆಯೂ ಮಾತ್ರ ಹಿಟ್ಟು ಒರೆಸಿಹೋಗಿ, ಒಂದೊಂದು ಬೆರಳ ಗುರುತು ಉಳಿದಿತ್ತು. ಒಂದು, ಎರಡು, ಮೂರು, ನಾಲ್ಕು, ಆರು, ಎಂಟು.

ನಿಂಗಯ್ಯ ತನ್ನ ಬೆರಳನ್ನು ಆ ಗುರುತಿನ ಹತ್ತಿರ ತಂದ, ಮುಟ್ಟಲಿಲ್ಲ. ಗುರುತು ಅವನ ಬೆರಳಿನ ಅರ್ಧದಷ್ಟಿತ್ತು.

ಕುರ್ಚಿಯ ಪಕ್ಕದಲ್ಲೇ ನಿಂತ. ಮೂರು ಗಂಟೆಗೆ ಗೋಡೆಯಾಚೆ ಗಿರಣಿ ಗುರ್ ಎಂದಿತು. ಪರದೆ ಬೆಳಗಿತು. ಪೇಜು ಬಂತು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ದಿನಾ ಮೂರಕ್ಕೆ ಬೇರೆ ಬಡಾವಣೆಯಿಂದ ಬಂದು ಪ್ರಾಜೆಕ್ಟ್ ಕೆಲಸ ಮಾಡುವ ಬಿ.ಕಾಂ. ಹುಡುಗಿ ಧನುಶ್ರೀ.

"ಏನ್ ತಾತ, ನೀವೂ ಬ್ರೌಸಿಂಗ್ ಶುರು ಮಾಡ್ಬುಟ್ರಾ?"

"ಇಲ್ಲಿ ಬಾವ್ವ. ಈ ಪೇಜಲ್ಲಿ ಏನೈತೆ ಓದು ಚೂರು."

ಅವಳು ಬಗ್ಗಿ ನೋಡಿದಳು. "ಎಸ್ಸೆಸ್ಸೆಲ್ಸಿ ರಿಸಲ್ಟು. ಹಳೇದು ತಾತ, ಎರಡು ಸಾವಿರದ ಐದು. ಕನ್ನಡದಲ್ಲಿ ನೂರಾ ಎಂಟು, ಗಣಿತ ಎಪ್ಪತ್ತೊಂದು. ಅಬ್ಬಾ, ಸಮಾಜದಲ್ಲಿ ಎಂಬತ್ತಾರು. ಫಸ್ಟ್ ಕ್ಲಾಸು."

"ಹೆಸರು ಐತಾ?"

"ಐತಲ್ಲ. ಬಿಂದುಶ್ರೀ ಪಿ." ಧನುಶ್ರೀ ಅವನ ಮುಖ ನೋಡದೆಯೇ ನಕ್ಕಳು. "ಯಾರು ತಾತ, ಮೊಮ್ಮಗಳಾ? ಸ್ವೀಟ್ ಎಲ್ಲಿ?"

ನಿಂಗಯ್ಯ ಗೂಡಿನ ಪ್ಲೈವುಡ್ಡನ್ನು ಹಿಡಿದುಕೊಂಡ.

ಅವನ ನೆನಪು ಸುಳ್ಳು ಹೇಳಿರಲಿಲ್ಲ. ಏಳನೆಯ ನಂಬರು 283614, ಅದು ಪಾಸು. ಎಂಟನೆಯ ನಂಬರು ಬೇರೆ, ಅದು ಫೇಲು. ಒಂದು ಅಂಕಿಯೂ ಆಚೀಚೆ ಆಗಿರಲಿಲ್ಲ. ಆದರೆ ಏಳನೆಯ ಜಾಗದಲ್ಲಿ ನಿಂತು ನಂಬರು ಕೊಟ್ಟವಳು ಬಿಂದುಶ್ರೀ. ಅವನು ನೆಲ ನೋಡುತ್ತಿದ್ದ. ಅವನು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಎಂಟನೆಯ ಜಾಗಕ್ಕೆ ಬಂದಿದ್ದಳು. ಹಿಂದಿದ್ದವಳು ಮುಂದೆ ಹೋಗಿದ್ದಳು. ವ್ಯಾಗನ್ನುಗಳು ನಿಂತಲ್ಲಿ ನಿಲ್ಲುತ್ತವೆ. ಮೂವತ್ತೊಂದು ವರ್ಷ ಅವನು ನೋಡಿದ್ದು ವ್ಯಾಗನ್ನುಗಳನ್ನು. ಮಕ್ಕಳು ಜಾಗ ಬದಲಾಯಿಸಿಕೊಳ್ಳುತ್ತಾರೆ ಎನ್ನುವುದು ಅವನ ತಲೆಗೇ ಬಂದಿರಲಿಲ್ಲ. ನಂಬರನ್ನು ಇನ್ನೊಂದು ಸಲ ಕೇಳಿದ್ದರೆ ಸಾಕಿತ್ತು.

ಕುಮಾರ್ ಬಂದಾಗ ನಿಂಗಯ್ಯ ಇನ್ನೂ ಅಲ್ಲೇ ನಿಂತಿದ್ದ. ಪೇಜು ತೆರೆದೇ ಇತ್ತು. ಕುಮಾರ್ ಪೇಜು ನೋಡಿದ, ಮಾವನ ಮುಖ ನೋಡಿದ, ಡಬ್ಬಿಯನ್ನು ಕೆಳಗಿಟ್ಟ.

"ನಿಂಗೆ ಗೊತ್ತಿತ್ತಾ?"

"ಸ್ಕೂಲ್ ಬೋರ್ಡಲ್ಲಿ ಲಿಸ್ಟ್ ಹಾಕಿದ್ರು ಮಾವ. ಅವಳು ಸಿಕ್ಕಿದ ಮಾರನೇ ದಿನ ಗೊತ್ತಾಯ್ತು."

"ಎರಡು ವರ್ಷ."

"ಹೇಳಿ ಏನು ಮಾಡೋದಿತ್ತು? ನೀನು ಆಗ್ಲೇ ಅನ್ನ ಬಿಟ್ಟು ಕೂತಿದ್ದೆ."

"ಪ್ರೇಮಮ್ಮಂಗೆ ಗೊತ್ತಾ?"

ಕುಮಾರ್ ನೆಲ ನೋಡಿದ. "ಅವರೇ ಹೇಳ್ಬೇಡ ಅಂದಿದ್ದು."

ನಿಂಗಯ್ಯ ಎರಡು ವರ್ಷದಿಂದ ದಿನಕ್ಕರ್ಧ ಲೋಟದಂತೆ ಕುಡಿದ ಟೀಯೆಲ್ಲ ಗಂಟಲಿಗೆ ಬಂದ ಹಾಗಾಯಿತು. ಬೀದಿಗೆಲ್ಲ ಗೊತ್ತಿದ್ದದ್ದು ಬಾಗಿಲಲ್ಲಿ ಕೂತ ಅವನೊಬ್ಬನಿಗೆ ಗೊತ್ತಿರಲಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಈ ಹೊಸ ಬ್ರೌಸರೊಂದು ಮಾತ್ರ ಮುಚ್ಚಿಕೊಂಡಿರಲಿಲ್ಲ.

ಅವನು ಗಿರಣಿಗೆ ಹೋದ. ಪ್ರೇಮಮ್ಮ ಯಾರದೋ ರಾಗಿಯನ್ನು ಗಿರಣಿಯ ಬಾಯಿಗೆ ಸುರಿಯುತ್ತಿದ್ದಳು. ಅವನು ಯಾವತ್ತೂ ಒಳಗೆ ಬಂದವನಲ್ಲ, ಬಾಗಿಲಲ್ಲೇ ನಿಲ್ಲುವವನು. ಅವಳು ಅವನನ್ನೊಮ್ಮೆ ನೋಡಿ ಸ್ವಿಚ್ಚು ಆರಿಸಿದಳು. ಕಲ್ಲು ತಿರುಗುತ್ತಾ ತಿರುಗುತ್ತಾ ನಿಂತಿತು.

"ಗೊತ್ತಾಯ್ತಾ ನಿಂಗಣ್ಣ?" ಅಂದಳು.

ನಿಂಗಯ್ಯ ಕೈ ಎರಡನ್ನೂ ಜೋಡಿಸಿದ.

"ಬುಡು, ಕೈ ಇಳ್ಸು. ನೋಡ್ದೋರು ಏನಂದ್ಕಂಡಾರು." ಅವಳು ರಾಗಿ ಚೀಲದ ಮೇಲೆ ಕುಳಿತಳು. "ತಿಂಗಳ ಮೇಲೆ ನಂಜನಗೂಡು ಕಡೇ ಹುಡುಗಿ ಒಬ್ಬಳು ಹುಡುಕ್ಕಂಡು ಬಂದ್ಲು. ಅತ್ತೂ ಅತ್ತೂ ಹೇಳುದ್ಲು. ನನ್ನ ಬಸ್ಸು ಹೊರಟೋಗ್ತದೆ, ಮುಂದೆ ಬುಡ್ತೀಯಾ ಅಂತ ನಾನೇ ಕೇಳ್ದೆ ಆಂಟಿ, ಬಿಟ್ಲು, ಅಂತ. ಅಷ್ಟೇ ಆಗಿದ್ದು. ನನ್ನ ಮಗಳು ಜಾಗ ಬಿಟ್ಟುಕೊಟ್ಲು."

"ನಾನು ಮುಖ ನೋಡ್ಬೇಕಿತ್ತು ಪ್ರೇಮಮ್ಮ."

"ನೋಡ್ಬೇಕಿತ್ತು," ಅಂದಳು ಅವಳು. ಅದರಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. "ಆರು ತಿಂಗಳು ನಿನ್ನ ಮೇಲೆ ವಿಷ ಕಾರ್ತಿದ್ದೆ ಒಳಗೆ. ಬೇರೆ ಯಾರೂ ಹೇಳ್ಬೇಡಿ, ನಾನೇ ಹೇಳ್ತೀನಿ ಅಂದಿದ್ದೆ. ದಿನಾ ಟೀ ಕೊಡೋಕೆ ಬರ್ತಿದ್ದೆನಲ್ಲ, ಇವತ್ತು ಹೇಳ್ಬುಡ್ತೀನಿ ಅಂತ್ಲೇ ಬರ್ತಿದ್ದೆ. ನಿನ್ನ ಮುಖ ನೋಡಿ ಹೇಳಕ್ಕಾಗ್ದೇ ಲೋಟ ಕೊಟ್ಟು ಹೋಗ್ತಿದ್ದೆ. ಆಮೇಲೆ ಅದೇ ಅಭ್ಯಾಸ ಆಯ್ತು."

ನಿಂಗಯ್ಯ ಮೂರನೆಯ ಗೂಡಿನ ವಿಷಯವನ್ನೆಲ್ಲ ಹೇಳಿದ. ಕೀಲಿಯ ಸದ್ದು, ಹಿಟ್ಟಿನ ಮೇಲಿನ ಬೆರಳು, ಮೂರು ಗಂಟೆಯ ಪೇಜು. ಪ್ರೇಮಮ್ಮ ಬೆಚ್ಚಲಿಲ್ಲ. ತನ್ನ ಕೈಯ ಹಿಟ್ಟನ್ನು ಉಜ್ಜಿಕೊಂಡಳು.

"ಅವಳಿಗಿನ್ನೂ ಗೊತ್ತಿಲ್ಲ ನಿಂಗಣ್ಣ," ಅಂದಳು. "ಅನುಮಾನ ಇತ್ತು ಅವಳಿಗೆ. ಚೆನ್ನಾಗೇ ಬರ್ದಿದ್ದೀನಿ ಅಂತಿದ್ಲು. ಅದಕ್ಕೇ ನೋಡ್ತಾವ್ಳೆ. ಮಾರ್ಲಮಿ ಹಬ್ಬಕ್ಕೆ, ಸತ್ತೋರಿಗೆ ಇಡೋ ಹಂಗೆ ಅವಳಿಗೂ ಎಡೆ ಇಟ್ಟು, ಪಾಸಾಗಿದ್ದೀ ಮಗಳೇ ಅಂತ ನಾನು ಕೂಗಿ ಹೇಳ್ದೆ. ನಂಬಲಿಲ್ಲ ಅನ್ಸ್ತದೆ. ಅಮ್ಮ ಸಮಾಧಾನಕ್ಕೆ ಹೇಳ್ತಾವಳೆ ಅನ್ಕಂಡಿರ್ತಾಳೆ. ನಿನ್ನ ಮಾತು ಅಂದ್ರೆ ಅವರಿಗೆಲ್ಲ ಎಂಥ ನಂಬಿಕೆ! ಮಿಷನ್ನು ಹೇಳಿದ್ರೂ ನೀನು ಹೇಳ್ಬೇಕು. ಫೇಲು ಅಂದ ಬಾಯೇ ಅನ್ಬೇಕು."

"ನಾನಾ?"

"ಇನ್ಯಾರು?"

ಮಾರನೆಯ ದಿನ ಒಂದೂವರೆಗೆ ಕರೆಂಟು ಹೋಯಿತು. ಕುಮಾರ್ ಅವತ್ತು ಡಬ್ಬಿ ತೆಗೆದುಕೊಂಡವನು ಮನೆಗೆ ಹೋಗದೆ ರಸ್ತೆಯಾಚೆ ಮರದಡಿ ನಿಂತ. ಪ್ರೇಮಮ್ಮ ಸೆಂಟರಿನ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕುಳಿತಳು. ಒಳಗೆ ಬರುವುದಿಲ್ಲ ಎಂದಳು. ನಿಂಗಯ್ಯ ಮೂರನೆಯ ಗೂಡಿಗೆ ಹೋದ. ಕುರ್ಚಿಯಲ್ಲಿ ಕೂರಲಿಲ್ಲ. ಕೂರುವವರು ಬರುತ್ತಾರಲ್ಲ ಎಂದು ಅದನ್ನು ಸ್ವಲ್ಪ ಹಿಂದಕ್ಕೆಳೆದಿಟ್ಟು, ಪಕ್ಕದಲ್ಲಿ ನಿಂತ.

ಸೆಕೆಗೆ ಅಂಗಿ ಬೆನ್ನಿಗಂಟಿತು. ಎರಡು ಗಂಟೆಯಾಗಿರಬೇಕು, ಎರಡೂ ಕಾಲಾಗಿರಬೇಕು. ಆಮೇಲೆ ಗೂಡಿನೊಳಗಿನ ಸೆಕೆ ಕಡಿಮೆಯಾಗತೊಡಗಿತು. ಕೆರೆಯ ದಂಡೆಯಲ್ಲಿ ನಿಂತರೆ ಕಾಲಿಗೆ ಹತ್ತುವಂಥ ತಂಪು ನೆಲದಿಂದ ಮೇಲಕ್ಕೆ ಬಂತು. ಅವನು ಕೀಲಿಮಣೆಯನ್ನು ನೋಡುತ್ತಲೇ ಇದ್ದ. ಎರಡರ ಕೀಲಿ ಒಳಗೆ ಇಳಿದು ಮೇಲೆ ಬಂತು. ಟಕ್. ಎಂಟು. ಮೂರು. ಆರು. ಒಂದು. ಅಲ್ಲಿಗೆ ನಿಂತಿತು. ನಿಂಗಯ್ಯನ ತುಟಿ ತಾನಾಗಿ ಅಲ್ಲಾಡಿತು. "ನಾಲ್ಕು ಕಣವ್ವ," ಅಂದ. ನಾಲ್ಕರ ಕೀಲಿ ಇಳಿಯಿತು.

ಅವನಿಗೆ ಓಡಿಹೋಗಬೇಕೆನಿಸಿತು. ಹೊರಗೆ ಮೆಟ್ಟಿಲ ಮೇಲಿನ ಬೆನ್ನು ಕಾಣುತ್ತಿತ್ತು. ನಿಂತ.

ಮೂರು ಗಂಟೆಗೆ ಪರದೆ ಬೆಳಗಿತು. ನೀಲಿ ಪಟ್ಟಿ, ಕೋಷ್ಟಕ, ಬಿಳಿ ಪೆಟ್ಟಿಗೆಯಲ್ಲಿ ನಂಬರು. ಗೋಡೆಯಾಚೆ ಗಿರಣಿ ಶುರುವಾಗಲಿಲ್ಲ. ಶುರು ಮಾಡುವವಳು ಮೆಟ್ಟಿಲ ಮೇಲಿದ್ದಳು. ಎಲ್ಲ ನಿಶ್ಶಬ್ದವಾಗಿತ್ತು.

ನಿಂಗಯ್ಯ ಈ ಸಲ ನೆಲ ನೋಡಲಿಲ್ಲ. ಖಾಲಿ ಕುರ್ಚಿಯಲ್ಲಿ ಮುಖ ಇರಬೇಕಾದ ಎತ್ತರವನ್ನೇ ನೋಡಿದ. ನಂಬರನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಅಂಕಿಯಾಗಿ ಹೇಳಿದ. ಆಮೇಲೆ ಹೇಳಿದ:

"ಬಿಂದು, ನೀನು ಪಾಸು. ಫಸ್ಟ್ ಕ್ಲಾಸು. ಕನ್ನಡದಲ್ಲಿ ನೂರಾ ಎಂಟು ಕಣವ್ವ. ತಪ್ಪು ನಂದು. ನಾನು ನಿನ್ನ ಮುಖ ನೋಡ್ಲಿಲ್ಲ."

ಏನೂ ಆಗಲಿಲ್ಲ. ಪೆಟ್ಟಿಗೆಯೊಳಗೆ ನಂಬರಿನ ಪಕ್ಕದ ಸಣ್ಣ ಗೆರೆ ಮಿಣುಕುತ್ತಿತ್ತು. ಅವನು ಕಾದ. ಕಾಯುವುದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಕೀಲಿಮಣೆಯ ಬಲ ಮೂಲೆಯಲ್ಲಿ ಅವನು ಯಾವತ್ತೂ ಗಮನಿಸದ ಒಂದು ಕೀಲಿ ಇಳಿಯಿತು. ಪೆಟ್ಟಿಗೆಯಲ್ಲಿ ನಾಲ್ಕು ಹೋಯಿತು. ಕೀಲಿ ಮತ್ತೆ ಇಳಿಯಿತು, ಒಂದು ಹೋಯಿತು. ಆರು. ಮೂರು. ಎಂಟು. ಕೊನೆಯ ಎರಡರ ಹತ್ತಿರ ಬಹಳ ಹೊತ್ತು ತಡೆಯಿತು. ಆಮೇಲೆ ಅದೂ ಹೋಯಿತು. ಬರಿಯ ಪೆಟ್ಟಿಗೆ ಉಳಿಯಿತು.

ಸೆಕೆ ಮರಳಿ ಬಂದು ಮುಖಕ್ಕೆ ಹೊಡೆದಾಗ ನಿಂಗಯ್ಯ ಹೊರಗೆ ಬಂದ. ಪ್ರೇಮಮ್ಮ ಹಿಂದಕ್ಕೆ ತಿರುಗಲಿಲ್ಲ.

"ಕೇಳಿಸ್ಕಂಡ್ಲಾ?"

ಅವನು ಅವಳ ಪಕ್ಕದ ಮೆಟ್ಟಿಲ ಮೇಲೆ ಕುಳಿತ. ಜೀವಮಾನವೆಲ್ಲ ಕಂಡದ್ದನ್ನು ಮಾತ್ರ ಹೇಳಿದವನು. ಈಗಲೂ ಅಷ್ಟನ್ನೇ ಹೇಳಿದ.

"ಹೂಂ ಕಣಮ್ಮ. ಹಿಂದ್ಲಿಂದ ಒಂದೊಂದೇ ಅಳಿಸಿದ್ಲು."